ಒಂದನ್ನು ಒತ್ತಿದರೆ ಎರಡು ಮನೆ

ಹಾರೋ ಊರಿನ ಜನರಿಗೆ ನಮ್ಮ ಟೆಲಿಫೋನ್ ನಂಬರು ಬಾಯಿಪಾಠವಾದದ್ದು ನಮ್ಮ ಕುರ್ಚಿಗಳ ದೆಸೆಯಿಂದ. ನನ್ನ ತಾಯಿಯ ಅಣ್ಣ ತಿಯೋ ಮೊಗಿಂಗ್, ಅಂದರೆ ಮೊಗಿಂಗ್ ಮಾವ, ಬಾಡಿಗೆಗೆ ಕೊಡುವ ಒಂದೊಂದು ಮಡಚು ಕುರ್ಚಿಯ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆಸಿದ್ದ. ಮದುವೆಗಳಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ. ಆದರೆ ಸಾವಿನ ಮನೆಯಲ್ಲಿ ಹೆಣ ಕಾಯುತ್ತ ಹಿಂದಿನ ಸಾಲಿನಲ್ಲಿ ಕೂತವರಿಗೆ ಬೇರೆ ಏನು ನೋಟ? ಜಪಮಣಿ ಸರಿಸುತ್ತ ಮುಂದಿನವರ ಕುರ್ಚಿಯ ಬೆನ್ನು ನೋಡುವುದು. ಹೀಗೆ ಸಾವಿನ ಮೇಲೆ ಸಾವು ಕಂಡ ಊರಿಗೆ ಪ್ರಾರ್ಥನೆಯ ಜೊತೆಗೆ ನಂಬರೂ ನಾಲಗೆಗೆ ಹತ್ತಿಬಿಟ್ಟಿತು.

ಆ ಫೋನನ್ನು ಎತ್ತುತ್ತಿದ್ದವಳು ನಾನು, ಕ್ರಿಸ್ಪಿನಾ. ಎಲ್ಲರ ಬಾಯಲ್ಲಿ ಪಿನಿಂಗ್. ತಾಯಿ ತೀರಿಕೊಂಡ ವರ್ಷ ತಿಯೋ ಮೊಗಿಂಗ್ ನನ್ನನ್ನು ಗಿಮರಾಸ್ ದ್ವೀಪದಿಂದ ದೋಣಿಯಲ್ಲಿ ಕರೆತಂದು ತನ್ನ ಮಕ್ಕಳ ಜೊತೆ ಬೆಳೆಸಿದ. ದೊಡ್ಡವಳು ಯೂಫೆಮಿಯಾ, ನನಗೆ ಪೆಮಿಂಗ್ ಮನಾಂಗ್. ಅವಳ ತಮ್ಮ ಆನ್ಸೆಲ್ಮೊ, ನನಗೆ ಸೆಲ್ಮೊ ಮನೋಂಗ್. ಅಕ್ಕ ಅಣ್ಣ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. ಅವರಿಬ್ಬರಿಗೂ ನಾನು ಇಂದಾಯ್. ತಂಗಿ, ಕೂಸು, ಚಾಕರಿಯವಳು, ಮೂರೂ ಆ ಒಂದು ಪದದಲ್ಲಿ ಅಡಗಿತ್ತು.

ಆ ಕಾಲದಲ್ಲಿ ಒಂದು ತಂತಿಯನ್ನು ಎರಡು ಮನೆ ಹಂಚಿಕೊಳ್ಳಬೇಕಿತ್ತು. ಪಾರ್ಟಿ ಲೈನ್ ಎನ್ನುತ್ತಿದ್ದರು. ನಮ್ಮ ಪಾಲುದಾರರು ಹಲ್ಲಿನ ಡಾಕ್ಟರ ಮನೆಯವರು. ನಾನು ಯಾವಾಗ ರಿಸೀವರ್ ಎತ್ತಿದರೂ ಡಾಕ್ಟರ ಹೆಂಡತಿ ಅವಳ ತಂಗಿಯ ಜೊತೆ ಮಾತಿನಲ್ಲಿರುತ್ತಿದ್ದಳು.

"ಸೆನ್ಯೋರಾ, ಸ್ವಲ್ಪ ಲೈನ್ ಬಿಡ್ತೀರಾ? ಸಾವಿನ ಮನೆಯೋರು ಯಾರಾದ್ರೂ ಕಾಯ್ತಿರ್ಬಹುದು."

"ಯಾರು ಹೋದ್ರೇ?"

"ಗೊತ್ತಿಲ್ಲ ಸೆನ್ಯೋರಾ, ಲೈನ್ ಬಿಟ್ರೆ ತಾನೇ ಗೊತ್ತಾಗೋದು!"

ಅವಳು ಬಿಡುತ್ತಿದ್ದಳು. ಆಮೇಲೆ ಗಂಟೆ ಬಾರಿಸಿದರೆ ಅಲ್ಲಿ ಅವಳೂ ಮೆಲ್ಲಗೆ ಎತ್ತಿಕೊಳ್ಳುತ್ತಿದ್ದಳು. ಯಾರೋ ಅಳುತ್ತ ಸುದ್ದಿ ಹೇಳಿದರೆ ನಾನು ಸಮಾಧಾನದ ಮಾತು ಹುಡುಕುವಷ್ಟರಲ್ಲಿ ತಂತಿಯ ನಡುವಿನಿಂದ ಅವಳ ಅಳು ಕೇಳಿಬರುತ್ತಿತ್ತು. ನಮ್ಮ ಕುರ್ಚಿ ಸಾವಿನ ಮನೆ ಮುಟ್ಟುವ ಮೊದಲೇ ಎಷ್ಟೋ ಸಲ ಅವಳ ಹೂವು ಮುಟ್ಟಿರುತ್ತಿತ್ತು.

ನಾನು ಫೋನಿಟ್ಟು ಅಂಗಳಕ್ಕೆ ಕೂಗಿದರೆ ಸಾಕು, ಇಡೀ ಮನೆ ಏಳುತ್ತಿತ್ತು. ಸೆಲ್ಮೊ ಮನೋಂಗ್ ಲಾರಿಗೆ ಕುರ್ಚಿ ಎಸೆಯುವ ಸದ್ದು, ಪೆಮಿಂಗ್ ಮನಾಂಗ್ ಕೊಪ್ಪರಿಗೆ ಉಜ್ಜುವ ಸದ್ದು, ಇಬ್ಬರೂ ಕೆಲಸದ ನಡುವೆ ಒಬ್ಬರನ್ನೊಬ್ಬರು ರೇಗಿಸುವ ಸದ್ದು. ತಿಯೋ ಮೊಗಿಂಗ್ ಜಗಲಿಯ ಮೇಲೆ ಕೂತು ಕ್ಲಾರಿನೆಟ್ಟಿನವನಿಗೆ ಹೇಳಿ ಕಳಿಸುತ್ತಿದ್ದ. ಆಗ ನಮ್ಮದೇ ಬ್ಯಾಂಡೂ ಇತ್ತು. ಈಗ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ಸಾವಿನ ಸಾಮಾನು ಸಾಗಿಸುತ್ತ ನಾವು ಅಷ್ಟು ನಗುತ್ತಿದ್ದೆವು.

ತಿಯೋ ಮೊಗಿಂಗ್ ಹೋದ ಮೇಲೂ ಕೆಲವು ವರ್ಷ ಹೀಗೇ ನಡೆಯಿತು. ಕೆಟ್ಟದ್ದು ಪಾವಿಯಾ ಊರಿನ ಅಕ್ಕಿ ಗಿರಣಿಯವರ ಮದುವೆಯಲ್ಲಿ. ಗಾಳಿ ಬೀಸಿತು, ಶಾಮಿಯಾನದ ಕಂಬ ಉರುಳಿ ನೇರವಾಗಿ ಸಾರಿನ ಕೊಪ್ಪರಿಗೆಗೆ ಬಿತ್ತು. ಮದುಮಗಳ ಬಿಳಿ ಉಡುಪಿನ ಮೇಲೆಲ್ಲ ಸಾರು.

"ಗೂಟ ನೆಟ್ಟಗೆ ಹೊಡ್ಯೋಕೆ ಬರದೋನಿಗೆ ಶಾಮಿಯಾನ ಯಾಕೆ?" ಎಂದು ಪೆಮಿಂಗ್ ಮನಾಂಗ್ ಅಷ್ಟೂ ಜನರೆದುರು ಕೂಗಿದಳು.

"ಹಗ್ಗದ ಕೆಳಗೆ ಒಲೆ ಹಚ್ಚು ಅಂತ ಯಾರು ಹೇಳಿದ್ದು ನಿಂಗೆ? ಹಗ್ಗ ಸುಟ್ಟು ಬೂದಿ ಆಗಿದೆ, ನೋಡು!" ಎಂದು ಅವನು ಅದಕ್ಕಿಂತ ಜೋರಾಗಿ ಕೂಗಿದ.

ತಪ್ಪು ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಗಾಳಿಯದೇ ಇರಬೇಕು. ಆದರೆ ಆ ವಾರವೇ ಪಾಲಾಯಿತು. ಅಡುಗೆಯ ವ್ಯವಹಾರ ಮನಾಂಗ್‌ದು, ಅವಳು ಹಿಂದಿನ ಬೀದಿಗೆ ಹೋದಳು. ಕುರ್ಚಿ, ಶಾಮಿಯಾನ, ಲಾರಿ ಮನೋಂಗ್‌ನದು, ಅವನು ರಸ್ತೆಯಾಚೆ ಹೋದ. ಕೊಪ್ಪರಿಗೆ ಹಂಚಬಹುದು, ಕುರ್ಚಿ ಹಂಚಬಹುದು, ಫೋನ್ ನಂಬರನ್ನು ಕತ್ತರಿಸಿ ಕೊಡುವುದು ಹೇಗೆ? ಅದು ಹಳೆ ಮನೆಯಲ್ಲೇ ಉಳಿಯಿತು, ಅದರ ಪಕ್ಕದಲ್ಲಿ ನಾನೂ ಉಳಿದೆ. ಕುರ್ಚಿ ಕೇಳಿದರೆ ಮುಂದಿನ ಕಿಟಕಿಯಿಂದ ಕೂಗುವುದು, ಊಟ ಕೇಳಿದರೆ ಹಿಂದಿನ ಕಿಟಕಿಯಿಂದ ಕೂಗುವುದು. ಎರಡೂ ಕೇಳಿದರೆ ಎರಡೂ ಕಿಟಕಿಗೆ ಓಡುವುದು. ಅಕ್ಕತಮ್ಮಂದಿರ ನಡುವೆ ಮಾತು ಸತ್ತಿತ್ತು. ದಾರಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿ ಬೀದಿ ನಾಯಿಗಳನ್ನು ನೋಡುತ್ತ ಹೋಗುತ್ತಿದ್ದರು.

ವರ್ಷಗಳು ಕಳೆದ ಹಾಗೆ ನನ್ನ ಎಡಕಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ. ನಾನು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಎರಡು ಮಾತು ಕೇಳಿದರೆ ನಡುವಿನ ಎರಡನ್ನು ಊಹಿಸಿಕೊಳ್ಳುತ್ತಿದ್ದೆ. ಸಾಕಷ್ಟು ಸಲ ಅದು ನಡೆದುಹೋಯಿತು, ಜನ ಹೇಳುವುದು ಹೆಚ್ಚುಕಡಿಮೆ ಒಂದೇ ಅಲ್ಲವೇ. ಆಮೇಲೆ ಒಂದು ದಿನ ನಮ್ಮ ಪಕ್ಕದ ಲಾ ಪಾಸ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"...ಬಿಳಿ ಬಟ್ಟೆ ಹಾಕಿದೀವಿ. ಎಷ್ಟು ಚೆನ್ನಾಗಿ ಮಲಗಿದೆ ಅಂತೀರಾ, ನೋಡಿದ್ರೆ ಕಣ್ಣು ತುಂಬುತ್ತೆ. ನಾಳೆ ಚರ್ಚಿಗೆ ಕರ್ಕೊಂಡು ಹೋಗ್ತೀವಿ..."

"ಅಯ್ಯೋ, ವಯಸ್ಸೆಷ್ಟು?"

"ಮೂರು ತಿಂಗಳು."

ನನಗೆ ಅಳುವೇ ಬಂದುಬಿಟ್ಟಿತು. "ದೇವರು ಕೊಟ್ಟಿದ್ದು, ದೇವರೇ ಕರ್ಕೊಂಡ. ಧೈರ್ಯ ತಗೊಳ್ಳಿ ಅಮ್ಮಾ" ಎಂದೆ. ಆ ಕಡೆಯಿಂದ ಏನೋ ಗಟ್ಟಿಯಾಗಿ ಹೇಳಿದರು. ದುಃಖದಲ್ಲಿ ಕೂಗುತ್ತಿದ್ದಾರೆ ಎಂದುಕೊಂಡು ಫೋನಿಟ್ಟು ಎರಡೂ ಕಿಟಕಿಗೆ ಓಡಿದೆ. ಮಾರನೆಯ ದಿನ ನಾಮಕರಣದ ಮನೆಯ ಮುಂದೆ ಕಪ್ಪು ಅಂಚಿನ ಶಾಮಿಯಾನ ಎದ್ದಿತು, ಜೊತೆಗೆ ಸಾವಿನ ಮನೆಗೆ ಕೊಡುವ ಕಾಫಿ, ಬಿಸ್ಕತ್ತು ಇಳಿಯಿತು. ಮಗುವಿನ ಅಜ್ಜಿ ಪೊರಕೆ ಹಿಡಿದು ಸೆಲ್ಮೊ ಮನೋಂಗ್‌ನನ್ನು ಬೀದಿಯ ತಿರುವಿನ ತನಕ ಅಟ್ಟಿದಳಂತೆ.

ಮನಾಂಗ್ ಹಿಂಬಾಗಿಲಿಂದ ಬಂದಳು, ಮನೋಂಗ್ ಮುಂಬಾಗಿಲಿಂದ ಬಂದ. ಇಬ್ಬರೂ ನನ್ನ ಮೇಲೆ ರೇಗಾಡಲೆಂದೇ ಬಂದವರು. ನಾನು ಬಾಯಿ ಬಿಡುವ ಮೊದಲೇ ಅತ್ತದ್ದು ನೋಡಿ ಸುಮ್ಮನಾದರು.

"ನಂಗೆ ಕಿವಿ ಕೇಳಲ್ಲ," ಎಂದೆ. "ಇನ್ನು ನನ್ನ ಕೈಲಾಗಲ್ಲ. ಔಷಧದಂಗಡೀಲಿ ಇಟ್ಟಿದಾರಲ್ಲ, ತಾನೇ ಮಾತಾಡಿ ತಾನೇ ಲೈನ್ ಕೊಡೋ ಪೆಟ್ಟಿಗೆ, ಅದನ್ನ ತರಿಸಿ."

ಮೋಲೋದಿಂದ ಬಂದವಳ ಹೆಸರು ದೆಸ್ಸಾ. ಸಣ್ಣ ಅಂಗಡಿಗಳಿಗೆ ಇಂಥ ಪೆಟ್ಟಿಗೆ ಕೂರಿಸುವುದೇ ಅವಳ ಕಸುಬು. ಬಿಸ್ಕತ್ತಿನ ಡಬ್ಬದಷ್ಟು ದೊಡ್ಡ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದಳು, ಒಂದು ತಂತಿ ರಸ್ತೆಯಾಚೆ ಎಳೆದಳು, ಇನ್ನೊಂದು ಹಿಂದಿನ ಬೀದಿಗೆ. ಆಮೇಲೆ ಹಜಾರದಲ್ಲಿ ಕೂತು, ನಾನಿಟ್ಟ ಬಿಸ್ಕೋಚೊ ಎಂಬ ಸಿಹಿ ರಸ್ಕ್ ಕಡಿಯುತ್ತ, "ಇಬ್ರನ್ನೂ ಕರೀರಿ ತಿಯಾ. ಒಂದು ಒತ್ತಿದ್ರೆ ಯಾರಿಗೆ ಹೋಗ್ಬೇಕು, ಎರಡು ಒತ್ತಿದ್ರೆ ಯಾರಿಗೆ ಅಂತ ಅವರೇ ಹೇಳ್ಬೇಕು," ಎಂದಳು.

ಇಬ್ಬರೂ ಬಂದರು. ಒಂದೇ ಸೂರಿನಡಿ ಕೂತು ಅದೆಷ್ಟೋ ಕಾಲವಾಗಿತ್ತು. ಒಬ್ಬಳು ಕಿಟಕಿಯ ಕಡೆ ಮುಖ ಮಾಡಿದಳು, ಇನ್ನೊಬ್ಬ ಗೋಡೆಯ ಮೇಲಿನ ಯೇಸುವಿನ ಕಡೆ.

"ಇಂದಾಯ್, ಅವನಿಗೆ ಹೇಳು," ಎಂದಳು ಮನಾಂಗ್. "ಅಪ್ಪ ಮೊದ್ಲು ಹಿಡಿದದ್ದು ಸೌಟು. ಕುರ್ಚಿ ಆಮೇಲೆ ಬಂದಿದ್ದು. ಒಂದು ನಂದು."

"ಇಂದಾಯ್, ನಿನ್ನ ಮನಾಂಗ್‌ಗೆ ಹೇಳು. ನಂಬರು ಬರ್ದಿರೋದು ಕುರ್ಚಿ ಮೇಲೆ, ಸೌಟಿನ ಮೇಲಲ್ಲ."

ಅವನು ಕೂತದ್ದು ನನ್ನ ಎಡಗಡೆ. ನನಗೆ ಕೇಳಿದ್ದೇ ಬೇರೆ. "ಅಯ್ಯೋ ಮನೋಂಗ್! ಯಾರ ಸೋಟೆಗೆ ತಿವೀತೀಯಾ? ಅಕ್ಕನ ಸೋಟೆಗಾ?"

"ಸೋಟೆ ಅಲ್ವೇ, ಸೌಟು! ಸೌಟು!"

ದೆಸ್ಸಾ ನಕ್ಕ ರಭಸಕ್ಕೆ ಬಿಸ್ಕೋಚೊ ಪುಡಿ ಮೇಜಿನ ತುಂಬ ಹಾರಿತು. ಮನಾಂಗ್ ಕಿಟಕಿಯ ಕಡೆಯೇ ನೋಡುತ್ತಿದ್ದಳು, ಆದರೆ ಅವಳ ಭುಜ ಕುಲುಕುತ್ತಿತ್ತು.

ದೆಸ್ಸಾ ಬಾಯಿ ಒರೆಸಿಕೊಂಡು ಕೇಳಿದಳು: "ಜನ ಹೆಚ್ಚಾಗಿ ಯಾವುದಕ್ಕೆ ಫೋನ್ ಮಾಡ್ತಾರೆ?"



"ಸಾವಿಗೆ," ಎಂದ ಮನೋಂಗ್.

"ಸಾವಿಗೇ," ಎಂದಳು ಮನಾಂಗ್, ಕಿಟಕಿಗೆ.

"ಹಾಗಾದ್ರೆ ಒಂದು ಅನ್ನೋದು ಸಾವಿಗಿರಲಿ," ಎಂದೆ ನಾನು. "ಅಳ್ತಿರೋರಿಗೆ ಎಲ್ಲ ಕೊನೇವರೆಗೂ ಕೇಳೋ ತಾಳ್ಮೆ ಎಲ್ಲಿರುತ್ತೆ?"

"ಯಾರ ಮನೇಲಿ ಬಾರಿಸ್ಬೇಕು?" ಎಂದಳು ದೆಸ್ಸಾ.

"ನಮ್ಮಲ್ಲಿ. ಮೊದ್ಲು ಹೋಗೋದು ಕಾಫಿ," ಎಂದಳು ಮನಾಂಗ್.

"ಕಾಫಿನ ನಿಂತ್ಕೊಂಡು ಕುಡೀತಾರಂತಾ, ಕೇಳು ಇಂದಾಯ್!"

"ಎರಡೂ ಮನೇಲೂ ಒಟ್ಟಿಗೇ ಬಾರಿಸೋ ಹಾಗೆ ಮಾಡ್ತೀನಿ," ಎಂದಳು ದೆಸ್ಸಾ. "ಇಬ್ರೂ ಎತ್ಬಹುದು. ಮೂರು ಜನಾನೂ ಮಾತಾಡ್ಬಹುದು."

"ಅದು ಪಾರ್ಟಿ ಲೈನ್ ಅಲ್ವೇನೇ!" ಎಂದೆ. ದೆಸ್ಸಾ ಆ ಹೆಸರನ್ನೇ ಕೇಳಿರಲಿಲ್ಲ. ಅವಳಿಗೆ ಹಲ್ಲಿನ ಡಾಕ್ಟರ ಹೆಂಡತಿಯ ಕಥೆ ಹೇಳತೊಡಗಿದೆ. ನಾನು ಎಲ್ಲೋ ತಪ್ಪಿದರೆ ಮನಾಂಗ್ ತಿದ್ದಿದಳು, ಅವಳು ಬಿಟ್ಟದ್ದನ್ನು ಮನೋಂಗ್ ಸೇರಿಸಿದ. ಆ ಸೆನ್ಯೋರಾ ಯಾರದೋ ಸಾವಿಗೆ ಅತ್ತು ಅತ್ತು, ಸತ್ತವನು ತನಗೆ ಪರಿಚಯವೇ ಇಲ್ಲವೆಂದು ಆಮೇಲೆ ತಿಳಿದು, "ಪರವಾಗಿಲ್ಲ, ಈ ಅಳು ಮುಂದಿನ ಸಲಕ್ಕೆ ಇಟ್ಕೊಳ್ಳಿ" ಎಂದದ್ದನ್ನು ನಾನು ಮರೆತೇಬಿಟ್ಟಿದ್ದೆ. ಇಬ್ಬರೂ ನನಗೇ ಹೇಳಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೂ ಕಥೆ ಒಂದೇ ಆಗಿತ್ತು.

"ಇನ್ನು ಎರಡು ಯಾರಿಗೆ?" ದೆಸ್ಸಾ ಕೇಳಿದಳು.

ಮನೋಂಗ್ ಎದ್ದು ಟೋಪಿ ತೆಗೆದುಕೊಂಡ. "ಎರಡು ಅವಳೇ ಇಟ್ಕೊಳ್ಳಲಿ ಇಂದಾಯ್. ದೊಡ್ಡೋಳು."

ಮನಾಂಗ್ ಬಿಸ್ಕೋಚೊ ತಟ್ಟೆಯನ್ನು ಮೇಜಿನ ನಡುವಿಗೆ, ಅವನ ಕಡೆಗೆ ಒಂದಿಷ್ಟು ಸರಿಸಿದಳು. ಅವನು ತೆಗೆದುಕೊಳ್ಳಲಿಲ್ಲ. ಹೊರಟೂ ಹೋಗಲಿಲ್ಲ.

ಪೆಟ್ಟಿಗೆಗೆ ಯಾರ ಧ್ವನಿ ಹಾಕುವುದೆಂಬುದು ಮುಂದಿನ ಪ್ರಶ್ನೆ. ಮನೋಂಗ್ ಓದಿದರೆ ಕೋಳಿ ಅಂಕದಲ್ಲಿ ಪಂದ್ಯ ಕೂಗಿದ ಹಾಗಿತ್ತು. ಮನಾಂಗ್ ಓದಿದರೆ ತಟ್ಟೆ ತೊಳೆಯದವರನ್ನು ಗದರಿದ ಹಾಗೆ. ಕೊನೆಗೆ ನಾನೇ ಓದಿದೆ: "ಇದು ತಿಯೋ ಮೊಗಿಂಗ್ ಅವರ ಮನೆ. ನಿಮ್ಮಲ್ಲಿ ಸಾವಾಗಿದ್ದರೆ ಒಂದನ್ನು ಒತ್ತಿ. ಊಟಕ್ಕೆ ಎರಡು. ಕುರ್ಚಿ, ಶಾಮಿಯಾನಕ್ಕೆ ಮೂರು. ಪಿನಿಂಗ್‌ಗೆ ಏನಾದರೂ ಹೇಳಬೇಕಿದ್ದರೆ ಸೊನ್ನೆ ಒತ್ತಿ, ಗಂಟೆಯ ಸದ್ದಾದ ಮೇಲೆ ಹೇಳಿ. ಗಟ್ಟಿಯಾಗಿ ಹೇಳಿ."

ನಡುವೆ ಪಕ್ಕದ ಮನೆಯ ಹುಂಜ ಕೂಗಿತು. ದೆಸ್ಸಾ ಮತ್ತೆ ಓದಿಸುವವಳಿದ್ದಳು. ಮನೋಂಗ್ ಬೇಡವೆಂದ. "ಇರ್ಲಿ ಬಿಡಮ್ಮ. ಹುಂಜ ಇಲ್ದಿದ್ರೆ ಜನ ರಾಂಗ್ ನಂಬರ್ ಅನ್ಕೋತಾರೆ."

ಪೆಟ್ಟಿಗೆ ಕೆಲಸ ಶುರುಮಾಡಿದ ಮೇಲೆ ಮನೆ ಬಿಕೋ ಎನ್ನತೊಡಗಿತು. ಗಂಟೆ ನನ್ನ ಹತ್ತಿರ ಬಾರಿಸುವುದೇ ಇಲ್ಲ. ಒಮ್ಮೆ ಹಸಿರು ದೀಪ ಮಿಟುಕಿ ಆರಿದರೆ, ಯಾರೋ ಬಂದು ನನ್ನ ದಾಟಿ ಇನ್ನೊಂದು ಮನೆಗೆ ಹೋದರು ಎಂದರ್ಥ. ಮೊದಮೊದಲು ನಾನು ಅಭ್ಯಾಸಬಲದಿಂದ ಫೋನಿನ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದೆ. ದೀಪ ಮಿಟುಕಿದಾಗಲೆಲ್ಲ ಕೈ ತಾನಾಗಿ ರಿಸೀವರಿನ ಕಡೆ ಹೋಗುತ್ತಿತ್ತು. ಹಿಂದೆ ಎಷ್ಟು ಸಲ ಆ ಗಂಟೆಗೆ ಶಾಪ ಹಾಕಿದ್ದೆನೋ. ಸ್ನಾನದ ನಡುವೆ ಬಂದರೆ, ಊಟದ ನಡುವೆ ಬಂದರೆ, "ಇವತ್ತೇ ಸಾಯ್ಬೇಕಿತ್ತಾ" ಎಂದು ಗೊಣಗಿದ್ದೂ ಉಂಟು. ಈಗ ಅದೇ ಗಂಟೆ ಬೇಕೆನಿಸುತ್ತಿತ್ತು.

ಸೊನ್ನೆ ಒತ್ತಿ ಪೆಟ್ಟಿಗೆಯಲ್ಲಿ ನನಗಾಗಿ ಮಾತು ಇಟ್ಟುಹೋಗುವವರು ಯಾರೂ ಇರಲಾರರು ಎಂದುಕೊಂಡಿದ್ದೆ. ಮೊದಲು ಬಂದದ್ದು ಬರೀ ಉಸಿರು. ಪೆಟ್ಟಿಗೆಯ ಜೊತೆ ಮಾತಾಡಲು ನಾಚಿಕೊಂಡು ಫೋನಿಟ್ಟವರು. ಆಮೇಲೆ ತಾಬುಕ್ ಸುಬಾ ಕೇರಿಯ ವಿಧವೆಯೊಬ್ಬಳ ಮಾತು ಬಂತು: "ಪಿನಿಂಗ್, ಕುರ್ಚಿ ಎಲ್ಲ ವಾಪಸ್ ಬಂತಾ? ಅದನ್ನ ಕೇಳೋಕೆ ಮಾಡಿದ್ದಲ್ಲ. ಮನೇಲಿ ಯಾರೂ ಇಲ್ಲ, ಅದಕ್ಕೆ ಮಾಡ್ದೆ." ಲಾ ಪಾಸ್‌ನ ಪೊರಕೆ ಅಜ್ಜಿಯೂ ಮಾಡಿದಳು: "ನಿಮ್ಮ ಕಪ್ಪು ಶಾಮಿಯಾನದ ದೃಷ್ಟಿಬೊಟ್ಟು ಚೆನ್ನಾಗೇ ಕೆಲಸ ಮಾಡಿದೆ ಕಣಮ್ಮಾ. ಮಗೂಗೆ ಎರಡು ಹಲ್ಲು ಬಂದಿದೆ."

ಬೆಳಿಗ್ಗೆ ಕಾಫಿ ಲೋಟ ಹಿಡಿದು, ಸದ್ದನ್ನು ಪೂರ್ತಿ ಏರಿಸಿ, ರಿಸೀವರನ್ನು ಬಲಗಿವಿಗೆ ಒತ್ತಿಕೊಂಡು ಇವನ್ನೆಲ್ಲ ಕೇಳುತ್ತಿದ್ದೆ. ತಿಳಿಯದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. "ಏನಂದ್ರಿ? ಏನಂದ್ರಿ?" ಎಂದು ಕೇಳಿ ಕೇಳಿ ಜನರಿಗೂ ಬೇಸರ, ನನಗೂ ನಾಚಿಕೆಯಾಗುವ ಸ್ಥಿತಿ ಬಂದಿತ್ತು. ಪೆಟ್ಟಿಗೆಗೆ ಬೇಸರವೆಂಬುದಿಲ್ಲ. ಹತ್ತು ಸಲ ಕೇಳಿದರೂ ಅದೇ ದನಿಯಲ್ಲಿ ಹೇಳುತ್ತದೆ. ಊಹಿಸದೆ, ಒಂದು ಪದವೂ ಬಿಟ್ಟುಹೋಗದೆ ಜನರ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಮಳೆಗಾಲದ ಕೊನೆಯಲ್ಲಿ ನಮ್ಮ ಬ್ಯಾಂಡಿನ ಕ್ಲಾರಿನೆಟ್ ಓನಿದ್ ತೀರಿಕೊಂಡ. ಅವನ ಮಗಳು ಒಂದನ್ನು ಒತ್ತಿದಳು. ಆ ಕರೆಯಲ್ಲಿ ಏನಾಯಿತೆಂಬುದು ನನಗೆ ಎರಡು ಬಾಗಿಲಿಂದ ಬಂತು.

ಹಿಂಬಾಗಿಲಿಂದ ಮನಾಂಗ್: "ನಾನು ಎತ್ತಿದ್ರೆ ಅವನೂ ಎತ್ತಿದಾನೆ. ಆ ಹುಡುಗಿ ಅಳ್ತಿದೆ, ಮಧ್ಯದಲ್ಲಿ ಫೋನ್ ಇಡೋಕಾಗತ್ತಾ? ಕಾಫಿ ಎಷ್ಟು ಹೊತ್ತಿಗೆ ಬರತ್ತೆ ಅಂತ ನನ್ನೇ ಕೇಳ್ದ. ಆರಕ್ಕೆ ಅಂದೆ. 'ಹೂಂ ಮನಾಂಗ್' ಅಂದ."

ಮುಂಬಾಗಿಲಿಂದ ಮನೋಂಗ್: "ಕಾಫಿ ವಿಷ್ಯ ಮಾತ್ರ ಕೇಳ್ದೆ. ಇನ್ನೇನೂ ಇಲ್ಲ."

"'ಹೂಂ ಮನಾಂಗ್' ಅಂದ್ಯಂತೆ?"

"ಬಾಯಿ ತಪ್ಪಿ ಬಂತು," ಎಂದು ಟೋಪಿ ಎಳೆದುಕೊಂಡು ಹೋದ.

ಓನಿದ್‌ನ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಕೂತರು. ಆಮೇಲೆ ಎಷ್ಟೋ ಸಾವುಗಳಾದವು, ಎಷ್ಟೋ ಸಲ ಎರಡು ಮನೆಗಳಲ್ಲಿ ಒಟ್ಟಿಗೆ ಗಂಟೆ ಬಾರಿಸಿತು. ತಂತಿಯ ಮೇಲೆ ಮಾತ್ರ ಮಾತು, ಬೀದಿಯಲ್ಲಿ ಮತ್ತೆ ಅದೇ ನಾಯಿ ನೋಡುವುದು. ಅವರು ತಂತಿಯ ಮೇಲೆ ಹೇಗೆ ಮಾತಾಡುತ್ತಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಆಸೆ ಇತ್ತು, ಅದಕ್ಕೆ ಯಾರಾದರೂ ಸಾಯಬೇಕಿತ್ತು.

ಈ ಮೇ ತಿಂಗಳಲ್ಲಿ ತಾಯಿಯ ಸಮಾಧಿಗೆ ಮೇಣದಬತ್ತಿ ಹಚ್ಚಲು ಗಿಮರಾಸ್‌ಗೆ ಹೋಗಿದ್ದೆ. ಹಿಂದಿರುಗುವಾಗ ಹೊರ್ದಾನ್ ದೋಣಿಕಟ್ಟೆಯಲ್ಲಿ ದೋಣಿ ತುಂಬಲು ಕಾಯಬೇಕಾಯಿತು. ಎಲ್ಲೆಲ್ಲೂ ಮಾವಿನಹಣ್ಣಿನ ಬುಟ್ಟಿಗಳು. ಹೊತ್ತು ಹೋಗಲೆಂದು ಕೈಫೋನ್ ತೆಗೆದೆ. ಊರಲ್ಲಿಲ್ಲದಾಗಲೂ ನನಗೆ ಬಂದ ಮಾತುಗಳನ್ನು ಕೇಳುವುದು ಹೇಗೆಂದು ದೆಸ್ಸಾ ಕಲಿಸಿದ್ದಳು. ಮನೆಯ ನಂಬರು ಒತ್ತಿದೆ, ನನ್ನ ಧ್ವನಿ ಬಂತು, ಹುಂಜ ಕೂಗಿತು. ಸೊನ್ನೆ ಒತ್ತಬೇಕಿತ್ತು. ಬಿಸಿಲಿನಲ್ಲಿ ಆ ಪುಟ್ಟ ಅಂಕಿಗಳು ಕಾಣಲಿಲ್ಲ. ಬೆರಳು ಒಂದನ್ನು ಒತ್ತಿತು.

"ಹಲೋ," ಎಂದಳು ಮನಾಂಗ್.

"ಹಲೋ, ಹೇಳಿ," ಎಂದ ಮನೋಂಗ್.

ಎರಡು ದನಿಗಳು ಒಟ್ಟಿಗೆ ನನ್ನ ಬಲಗಿವಿಗೆ ಬಿದ್ದವು. ನಾನು ತಪ್ಪಾಯಿತೆಂದು ಹೇಳಲು ಹೋದೆ, ಬಂದದ್ದು ಅಳು.

"ಮಾತು ಬರ್ತಿಲ್ಲ ಪಾಪ," ಎಂದ ಅವನು, ಅವಳಿಗೆ.

"ಸುಮ್ನಿರು, ಅವಸರ ಮಾಡ್ಬೇಡ," ಎಂದಳು ಅವಳು, ಅವನಿಗೆ. ಆಮೇಲೆ ನನಗೆ: "ಅಳಮ್ಮಾ. ಅತ್ತು ಮುಗಿಸು. ನಾವಿಬ್ರೂ ಇಲ್ಲೇ ಇದೀವಿ, ಫೋನ್ ಇಡಲ್ಲ."

"ಎಲ್ಲಿಗೆ ಬರ್ಬೇಕು ಅಂತಷ್ಟೇ ಹೇಳಿ," ಎಂದ ಅವನು. "ಮಿಕ್ಕಿದ್ದೆಲ್ಲ ನಾನೂ ನಮ್ಮಕ್ಕನೂ ನೋಡ್ಕೋತೀವಿ."

ಅವನು ಅಷ್ಟು ಮೆತ್ತಗೆ ಮಾತಾಡಬಲ್ಲನೆಂದು ನನಗೆ ಗೊತ್ತೇ ಇರಲಿಲ್ಲ. ನಾನು ನಿಜವಾಗಿಯೂ ಅಳುತ್ತಿದ್ದೆ. ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಳ್ಳೋಣವೆನಿಸಿತು. ಆದರೆ ಇಲ್ಲದ ಸಾವಿಗೆ ಅವರನ್ನು ಎಷ್ಟು ಹೊತ್ತು ಕೂರಿಸಿಡುವುದು?

"ಮನಾಂಗ್... ನಾನು, ಪಿನಿಂಗ್."

"ಇಂದಾಯ್!" ಇಬ್ಬರೂ ಒಟ್ಟಿಗೆ ಚೀರಿದರು. "ಏನಾಯ್ತೇ? ದೋಣಿ ಮುಳುಗ್ತಾ?"

"ಇಲ್ಲ, ಸೊನ್ನೆ ಅಂತ ಒಂದು ಒತ್ತಿದೆ."

ಆಮೇಲೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಿವುಡಿ, ಕುರುಡಿ, ಎದೆ ಒಡೆದು ಸಾಯಿಸ್ತಿದ್ದೆ ಎಂದು ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಂಡರು. ಸುಸ್ತಾದ ಮೇಲೆ ಮನೋಂಗ್, "ಬರೋವಾಗ ಒಂದು ಬುಟ್ಟಿ ಮಾವಿನಹಣ್ಣು ತಗೊಂಡ್ಬಾ," ಎಂದ.

"ಕಟ್ಟೆ ಹತ್ರ ಬೇಡ, ಕೆಳಗೆಲ್ಲ ಕೊಳೆತದ್ದು ತುಂಬಿರ್ತಾರೆ," ಎಂದಳು ಮನಾಂಗ್.

"ಮೂಸಿ ನೋಡಿ ತಗೊಂಡ್ರೆ ಏನೂ ಆಗಲ್ಲ."

"ನೀನು ಮೂಸಿ ತಂದದ್ದು ಗೊತ್ತಿಲ್ವಾ? ಅಪ್ಪನ ಕಾಲದಲ್ಲಿ ಒಂದು ಬುಟ್ಟಿ ಪೂರ್ತಿ ಹುಳ."

"ಅದು ನಾನಲ್ಲ, ಓನಿದ್!"

"ಸತ್ತವರ ಮೇಲೆ ಹಾಕ್ಬೇಡ."

ನನ್ನನ್ನು ಮರೆತೇಬಿಟ್ಟರು. ದೋಣಿಯವನು ಕೈಬೀಸಿ ಕರೆದ. ಫೋನನ್ನು ಕಿವಿಯಿಂದ ತೆಗೆಯದೆಯೇ ಹಲಗೆ ದಾಟಿ ಹೋಗಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಒದ್ದೆ ಮುಖ ನೋಡಿ ತೋಳು ಮುಟ್ಟಿದಳು.

"ಯಾರು ಹೋದ್ರು ಮನಾಂಗ್?"

"ಯಾರೂ ಇಲ್ಲಮ್ಮಾ," ಎಂದೆ. "ನಮ್ಮ ಮನೆಯೋರು ಮಾತಾಡ್ತಿದಾರೆ."